ಟವೆಲ್ಲಿನ ಕೆಳಗಿನ ಹನ್ನೊಂದು

ಶಿಷ್ಯ ಕೇಳಿದ: “ಅಮ್ಮಾ, ರೋಗಿಯ ಮಾತನ್ನು ನಂಬುವುದು ತಪ್ಪೇ?”

ಕೇಳಿದವನು ಎಳೆಯ ವೈದ್ಯ. ಉತ್ತರ ಹೇಳಬೇಕಾದವರು ಅವನಿಗೆ ಕೆಲಸ ಕಲಿಸುತ್ತಿದ್ದ ಹಿರಿಯ ವೈದ್ಯೆ. ನರಗಳಿಗೆ ಮದ್ದು ಕೊಟ್ಟು ನೋವು ಇಳಿಸುವುದು ಅವರ ವಿದ್ಯೆ.

“ಯಾರ ಮಾತು?” ಎಂದರು ಗುರು.

“ಏಳನೆಯ ಮಂಚದ ಅಜ್ಜಿಯದು. ಮಿದುಳಿನಲ್ಲಿ ರಕ್ತಸ್ರಾವವಾಗಿ ಬಂದವಳು. ತಲೆನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದೆ. ಎರಡು ಎಂದಳು. ಎರಡು ಎಂದು ಬರೆದೆ. ನೀವು ನೋಡಿದರೆ, ಅವಳಿಗೆ ಕೆನ್ನೆಯ ಹಿಂದಿನ ನರಕ್ಕೆ ಇಂಜೆಕ್ಷನ್ ಬೇಕಾದೀತು, ಇನ್ನೊಮ್ಮೆ ವಿಚಾರಿಸು ಎನ್ನುತ್ತೀರಿ. ಎರಡಕ್ಕೆ ಯಾರಾದರೂ ಕೆನ್ನೆಗೆ ಸೂಜಿ ಹಾಕುತ್ತಾರೆಯೇ?”

ಗುರು ಕುರ್ಚಿ ತೋರಿಸಿದರು. ಶಿಷ್ಯ ಕುಳಿತ. ಅವರು ಈ ಕತೆ ಹೇಳಿದರು.

ಒಬ್ಬ ದಲ್ಲಾಳಿ ಇದ್ದ. ದನದ ಸಂತೆಯಲ್ಲಿ ಎತ್ತು ಕೊಡಿಸುವುದು, ಮಾರಿಸುವುದು ಅವನ ಕೆಲಸ. ಎತ್ತಿನ ಐಬು ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಾರುವವನು ಕುಂಟೆತ್ತನ್ನು ಮೆತ್ತನೆಯ ಮಣ್ಣಿನಲ್ಲಿ ನಡೆಸಿ ತೋರಿಸಿದರೆ, ಇವನು ಅದನ್ನು ಕಲ್ಲಿನ ಮೇಲೆ ನಡೆಸಿ ನೋಡುತ್ತಿದ್ದ.

ಆ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವ ರೂಢಿ ಇರಲಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವೆಲ್ ಹೊದಿಸುತ್ತಿದ್ದರು. ಅದರ ಕೆಳಗೆ ಒಬ್ಬನು ಇನ್ನೊಬ್ಬನ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳೋ ಅಷ್ಟು ಬೆಲೆ. ಬಾಯಿ ಏನು ಬೇಕಾದರೂ ಹೇಳಬಹುದು. ಅದು ಸುತ್ತ ನಿಂತವರಿಗೆ. ಟವೆಲ್ಲಿನ ಕೆಳಗೆ ಸುಳ್ಳು ಬೆರಳು ಹಿಡಿಯುವಂತಿಲ್ಲ. ಹಿಡಿದವನಿಗೆ ಮತ್ತೆ ಆ ಸಂತೆಯಲ್ಲಿ ಯಾರೂ ಕೈ ಕೊಡುತ್ತಿರಲಿಲ್ಲ.

ಒಂದು ದಿನ ದಲ್ಲಾಳಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ತಲೆಯೊಳಗೆ ಏನೋ ಸಿಡಿದಂತಾಯಿತು. ಎತ್ತಿನ ಕಾಲ ಬಳಿಯೇ ಕುಸಿದ. ಮಿದುಳಿನ ರಕ್ತನಾಳವೊಂದು ಒಡೆದಿತ್ತು. ಜನ ಅವನನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದರು. ವೈದ್ಯರು ಒಡೆದ ಜಾಗವನ್ನು ಮುಚ್ಚಿದರು. ಜೀವ ಉಳಿಯಿತು. ಆದರೆ ಚೆಲ್ಲಿದ ರಕ್ತ ಮಿದುಳಿನ ಸುತ್ತ ಉಳಿದಿತ್ತು. ತಲೆನೋವು ಹೋಗಲಿಲ್ಲ.

ಇಂಥ ರೋಗಿಯನ್ನು ಎರಡು ವಾರ ಕಾಯಬೇಕು. ಮಿದುಳಿನ ರಕ್ತನಾಳಗಳು ಸೆಡೆತುಕೊಂಡರೆ ಕೈಕಾಲು ಬಿದ್ದುಹೋಗಬಹುದು, ಜೀವವೂ ಹೋಗಬಹುದು. ಅದರ ಸುಳಿವನ್ನು ಬೇಗ ಹಿಡಿಯಲು ಗಂಟೆಗೊಮ್ಮೆ ಎಬ್ಬಿಸಿ ಹೆಸರು ಕೇಳಬೇಕು, ಕೈ ಅದುಮಿಸಿ ಬಲ ನೋಡಬೇಕು. ಮಂಪರು ತರುವ ಜೋರು ಮದ್ದು ಕೊಟ್ಟರೆ ನೋವು ಇಳಿದೀತು. ಆದರೆ ರೋಗಿ ಮಲಗಿರುವುದು ಮದ್ದಿನಿಂದಲೋ ರೋಗದಿಂದಲೋ ಹೇಳಲಾಗದು.

ನರ್ಸ್ ಬಂದು ನೋವು ಎಷ್ಟು ಎಂದು ಕೇಳಿದಳು. ದಲ್ಲಾಳಿ ನಾಲ್ಕು ಎಂದ. ಹೆಚ್ಚು ಹೇಳಿದರೆ ಇವರು ಮನೆಗೆ ಬಿಡುವುದಿಲ್ಲ ಎಂದು ಅವನ ಎಣಿಕೆ. ನರ್ಸ್ ನಾಲ್ಕು ಎಂದು ಬರೆದುಕೊಂಡಳು. ನಾಲ್ಕಕ್ಕೆ ಎಷ್ಟು ಮಾತ್ರೆಯೋ ಅಷ್ಟು ಮಾತ್ರೆ ಕೊಟ್ಟಳು.

ಎರಡನೆಯ ದಿನವೂ ನಾಲ್ಕು. ಮೂರನೆಯ ದಿನ ಅವನು ಮಾತನ್ನೇ ಬಿಟ್ಟ. ಗಂಜಿ ಮುಟ್ಟಲಿಲ್ಲ. ಹೆಸರು ಕೇಳಿದರೆ ಹೇಳಲಿಲ್ಲ. ಕೈ ಅದುಮು ಎಂದರೆ ಒಮ್ಮೆ ಅದುಮಿ ಬಿಡುತ್ತಿದ್ದ, ಅಷ್ಟೇ. ಮತ್ತೆ ಸ್ಕ್ಯಾನ್ ಮಾಡಿದರು. ಹೊಸದೇನೂ ಕಾಣಲಿಲ್ಲ. ಆದರೂ ರೋಗ ಒಳಗೊಳಗೆ ಏರುತ್ತಿದೆಯೋ, ಇವನೇ ಬಾಯಿ ಬಿಗಿದುಕೊಂಡಿದ್ದಾನೋ, ಯಾರಿಗೂ ತಿಳಿಯಲಿಲ್ಲ. ಗಂಡಾಂತರದ ದಿನಗಳು ಇನ್ನೂ ಮುಂದಿದ್ದವು. ಕಾಯುವವರಿಗೆ ಕಣ್ಣು ಕಟ್ಟಿದಂತಾಯಿತು.

ಆಗ ಒಬ್ಬ ವೈದ್ಯೆಯನ್ನು ಕರೆಸಿದರು. ಆಕೆ ಮಂಚದ ಬಳಿ ನಿಂತು ನೋವು ಎಷ್ಟು ಎಂದು ಕೇಳಿದಳು. ದಲ್ಲಾಳಿ ಕಣ್ಣು ಮುಚ್ಚಿಕೊಂಡೇ ನಾಲ್ಕು ಬೆರಳು ಎತ್ತಿ ತೋರಿಸಿದ. ಕಾಲ ಬಳಿ ನಿಂತಿದ್ದ ಅವನ ಹೆಂಡತಿಗೆ ತಡೆಯಲಾಗಲಿಲ್ಲ.

“ಡಾಕ್ಟ್ರಮ್ಮ, ಎಲ್ಲರ ಎದುರು ಕೇಳಿದ್ರೆ ಅವರು ವ್ಯಾಪಾರದ ಮಾತು ಆಡ್ತಾರೆ. ಮೂವತ್ತು ವರ್ಷದಿಂದ ನೋಡ್ತಾ ಇದೀನಿ. ಟವೆಲ್ ಹಾಕಿ ಕೇಳಿ.”

ಸುತ್ತಲಿದ್ದವರು ನಕ್ಕರು. ವೈದ್ಯೆ ನಗಲಿಲ್ಲ. ಹೆಂಡತಿಯ ಹೆಗಲ ಮೇಲಿದ್ದ ಟವೆಲ್ ತೆಗೆದುಕೊಂಡು ತನ್ನ ಕೈಗೂ ಅವನ ಕೈಗೂ ಹೊದಿಸಿದಳು.

“ಈಗ ಹೇಳಿ ಯಜಮಾನ್ರೇ. ಎಷ್ಟು?”

ದಲ್ಲಾಳಿ ಆಕೆಯ ಐದೂ ಬೆರಳು ಹಿಡಿದ. ಬಿಟ್ಟ. ಮತ್ತೆ ಐದೂ ಹಿಡಿದ. ಬಿಟ್ಟ. ಆಮೇಲೆ ಒಂದು ಬೆರಳು ಹಿಡಿದ.

“ಹತ್ತರ ಮೇಲೆ ಇಲ್ಲ, ಯಜಮಾನ್ರೇ.”

ಆ ದಿನ ಅವನು ಮೊದಲ ಬಾರಿ ಬಾಯಿ ಬಿಟ್ಟ. “ಹತ್ತು ನಿಮ್ಮ ಪುಸ್ತಕದ್ದು. ನನ್ನ ತಲೇಲಿರೋದು ಹನ್ನೊಂದು.”

“ಮತ್ತೆ ನಾಲ್ಕು ಅಂತ ಯಾಕೆ ಹೇಳಿದ್ರಿ?”

“ಐಬು ತೋರಿಸಿದ ಎತ್ತನ್ನ ಯಾರು ಮನೆಗೆ ಹೊಡ್ಕೊಂಡು ಹೋಗ್ತಾರೆ, ಡಾಕ್ಟ್ರಮ್ಮ?”

“ನಾನು ಹೊಡ್ಕೊಂಡು ಹೋಗ್ತೀನಿ,” ಎಂದಳು ಹೆಂಡತಿ. “ಮೊದಲು ಬಾಯಿಬಿಟ್ಟು ಹೇಳೋದು ಕಲೀರಿ.”

ವೈದ್ಯೆ ತನ್ನ ವಿದ್ಯೆಯನ್ನು ವಿವರಿಸಿದಳು. ಕೆನ್ನೆಯ ಮೂಳೆಯ ಹಿಂದೆ ಒಂದು ಸಣ್ಣ ಪೊಟರೆ ಇದೆ. ತಲೆಯ ನೋವಿಗೆ ಸಂಬಂಧಪಟ್ಟ ನರಗಳು ಅಲ್ಲಿ ಸೇರುತ್ತವೆ. ತೆಳುವಾದ ಸೂಜಿಯಿಂದ ಅಲ್ಲಿಗೆ ಮರಗಟ್ಟಿಸುವ ಮದ್ದು ಬಿಟ್ಟರೆ ನೋವಿನ ದಾರಿ ಕೆಲವು ಕಾಲ ಮುಚ್ಚಬಹುದು. ಬುದ್ಧಿಗೆ ಮಂಪರು ಬರುವುದಿಲ್ಲ. ಎರಡು ಕೆನ್ನೆಗೆ ಎರಡು ಸೂಜಿ.

“ಒಂದಕ್ಕೆ ಮುಗಿಸಿ,” ಎಂದ ದಲ್ಲಾಳಿ.

ಎರಡು ಎಂದಳು ವೈದ್ಯೆ. ಅವನು ಒಂದೇ ಎಂದು ಹಟ ಹಿಡಿದ. ಕೊನೆಗೆ ಆಕೆ ಒಪ್ಪಿದಳು. ಅವನು ಆಕೆಯ ಅಂಗೈಗೆ ಅಂಗೈ ತಟ್ಟಿದ. ಸಂತೆಯಲ್ಲಿ ವ್ಯಾಪಾರ ಕುದುರಿತು ಎನ್ನುವುದಕ್ಕೆ ಅದೇ ಗುರುತು. ಆಕೆ ಬಲಗೆನ್ನೆಗೆ ಇಂಜೆಕ್ಷನ್ ಕೊಟ್ಟಳು.

ಅರ್ಧ ಗಂಟೆಯಲ್ಲಿ ದಲ್ಲಾಳಿ ಬಲಗಣ್ಣು ತೆರೆದ. ಎಡಗಣ್ಣು ಬಿಗಿದೇ ಇತ್ತು. ಒಂದೇ ಕಣ್ಣಿನಿಂದ ವೈದ್ಯೆಯನ್ನು ನೋಡಿದ.

“ಜೋಡಿ ಎತ್ತಲ್ಲಿ ಒಂದನ್ನೇ ಕೊಂಡುಬಿಟ್ಟೆ, ಡಾಕ್ಟ್ರಮ್ಮ. ನನ್ನ ಕಸುಬಿಗೇ ಅವಮಾನ. ಇನ್ನೊಂದನ್ನೂ ಕೊಡಿ.”

ಆಕೆ ಎಡಗೆನ್ನೆಗೂ ಕೊಟ್ಟಳು. ಸ್ವಲ್ಪ ಹೊತ್ತಿಗೆ ಎರಡೂ ಕಣ್ಣು ತೆರೆದವು. ದಲ್ಲಾಳಿ ತಲೆ ಎತ್ತಿ ದೀಪ ನೋಡಿದ. ಕಿಟಕಿಯ ಪರದೆ ಸರಿಸಿ ಎಂದ. ಗಂಜಿ ತರಿಸಿ ಕುಡಿದು, ಉಪ್ಪು ಸಾಲದು ಎಂದು ಹೆಂಡತಿಯನ್ನು ಗದರಿದ. ಗದರಿಸಿಕೊಂಡ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಗಂಟೆಯಾಯಿತು. ನರ್ಸ್ ಬಂದಳು. ಹೆಸರೇನು ಎಂದು ಕೇಳಿದಳು. ದಲ್ಲಾಳಿ ತನ್ನ ಹೆಸರು ಹೇಳಿದ, ತಂದೆಯ ಹೆಸರು ಹೇಳಿದ, ತಾನು ಬಿದ್ದಾಗ ಎದುರಿಗಿದ್ದ ಎತ್ತಿಗೆ ಎಷ್ಟು ಹಲ್ಲು ಎಂಬುದನ್ನೂ ಹೇಳಿದ. ನರ್ಸ್ ಸಾಕು ಎಂದರೂ ನಿಲ್ಲಿಸಲಿಲ್ಲ. ನೋವು ಎಷ್ಟು ಎಂದಾಗ ಮಾತ್ರ ಬಾಯಿ ಮುಚ್ಚಿ ಟವೆಲ್ ಎತ್ತಿಕೊಂಡ. ಅವಳು ಕೈ ಕೊಟ್ಟಳು. ಅವನು ಎರಡು ಬೆರಳು ಹಿಡಿದ. ಅವಳು ಎರಡು ಎಂದು ಬರೆದಳು.

ಮದ್ದಿನ ಬಲ ಕಳೆದಾಗ ನೋವು ಮತ್ತೆ ಬಂತು. ಆ ದಿನ ಟವೆಲ್ಲಿನ ಕೆಳಗೆ ಏಳು ಬೆರಳು. ವೈದ್ಯೆ ಮತ್ತೆ ಬಂದಳು. ಈ ಸಲ ಚೌಕಾಸಿ ನಡೆಯಲಿಲ್ಲ. ಅವನೇ ಒಂದು ಕೆನ್ನೆ ಕೊಟ್ಟು, ಆಮೇಲೆ ಇನ್ನೊಂದು ಕೆನ್ನೆ ಕೊಟ್ಟ. ಒಂಬತ್ತನೆಯ ದಿನ ನರ್ಸ್ ಕೈ ಹಿಡಿದಾಗ ಅವನ ಹಿಡಿತ ಸಡಿಲಾಗಿತ್ತು. ನೋವಿನ ಮರೆ ಇರಲಿಲ್ಲ, ಮಂಪರಿನ ಮರೆಯೂ ಇರಲಿಲ್ಲ. ರಕ್ತನಾಳ ಸೆಡೆತುಕೊಳ್ಳುತ್ತಿರುವ ಸುಳಿವನ್ನು ಅವಳು ಕೂಡಲೇ ಕಂಡುಕೊಂಡಳು. ವೈದ್ಯರು ಓಡಿ ಬಂದು ಚಿಕಿತ್ಸೆ ಮಾಡಿದರು. ಸಂಜೆಯ ಹೊತ್ತಿಗೆ ಕೈಗೆ ಬಲ ಮರಳಿತು.

ಎರಡು ವಾರ ಕಳೆಯಿತು. ದಲ್ಲಾಳಿ ಎದ್ದು ನಡೆದ. ಹೆಂಡತಿ ಅವನನ್ನು ಆಸ್ಪತ್ರೆಯ ಕಲ್ಲು ಹಾಸಿನ ಮೇಲೆ ಎರಡು ಸಲ ಅತ್ತಿಂದಿತ್ತ ನಡೆಸಿ ನೋಡಿದಳು. ಕುಂಟಲಿಲ್ಲ. ಸರಿ ಎಂದಳು. ಹೊರಡುವಾಗ ಅವನು ವೈದ್ಯೆಯ ಮುಂದೆ ನಿಂತು ಕೈಮುಗಿದ.

“ನಿಮ್ಮಂಥವರನ್ನ ಹಲ್ಲು ನೋಡದೇನೇ ಒಪ್ಕೋಬಹುದು, ಡಾಕ್ಟ್ರಮ್ಮ.”

ಗುರು ಕತೆ ಮುಗಿಸಿದರು. ಶಿಷ್ಯ ಗಟ್ಟಿಯಾಗಿ ನಕ್ಕ. ಎದ್ದು, “ಇವತ್ತೇ ಒಂದು ಟವೆಲ್ ತಂದಿಡುತ್ತೇನೆ, ಅಮ್ಮಾ,” ಎಂದ.

ಗುರುವೂ ನಕ್ಕರು. ಆಮೇಲೆ ಕೇಳಿದರು: “ಏಳನೆಯ ಮಂಚದ ಅಜ್ಜಿ ಏನು ಕೆಲಸ ಮಾಡುತ್ತಿದ್ದಳು?”

ಶಿಷ್ಯ ಟವೆಲ್ಲಿನ ಮಾತು ಬಿಟ್ಟು, ಅದನ್ನು ಅಜ್ಜಿಯನ್ನೇ ಕೇಳಲು ಏಳನೆಯ ಮಂಚದ ಕಡೆಗೆ ನಡೆದ.