ಹುಡುಗರ ತೂಬು

ಸಂಕನಮಟ್ಟಿಯ ಕೆರೆ ದೊಡ್ಡದೇನಲ್ಲ. ಏರಿಯ ಮೇಲೆ ಬೇವಿನ ಮರಗಳ ಸಾಲಿದೆ, ಒಳಮೈಗೆ ಕಲ್ಲು ಕಟ್ಟಿದೆ, ನಡುವೆ ನೀರು ಬಿಡುವ ತೂಬಿನ ಎರಡು ಕಂಬಗಳು ನೀರಿನಿಂದ ಎದ್ದು ನಿಂತಿವೆ. ಸರಕಾರದ ಹಲಗೆಯ ಮೇಲೆ ಆ ತೂಬಿಗೆ ಬೇರೆ ಏನೋ ಹೆಸರು ಬರೆದಿದ್ದಾರೆ, ಆದರೆ ಊರವರ ಬಾಯಲ್ಲಿ ಅದು ಹುಡುಗರ ತೂಬು. ಹೆಸರು ಕೇಳಿದ ಹೊಸಬರು ಮೊದಲು ಹಿಂಜರಿದು, ಇಲ್ಲಿ ಹುಡುಗರು ಬಿದ್ದು ಸತ್ತರೇ ಎಂದು ವಿಚಾರಿಸುತ್ತಾರೆ. ನಾನು ಹುಟ್ಟಿದ್ದು ಆ ಊರಲ್ಲಿ. ಈಗ ಬಹಳ ಕಾಲದಿಂದ ನರ್ಮದೆಯ ದಂಡೆಯ ಒಂದು ಪಟ್ಟಣದಲ್ಲಿದ್ದೇನೆ. ಇಲ್ಲಿಯ ಮಂದಿಯೂ ಹಾಗೆಯೇ ಕೇಳುತ್ತಾರೆ. ಯಾರೂ ಸತ್ತಿಲ್ಲ. ಮೇಲಿನ ಓಣಿಯವರು ಈ ಕಥೆಯನ್ನು ಒಂದು ರೀತಿ ಹೇಳುತ್ತಾರೆ, ಕೆಳಗಿನ ಓಣಿಯವರು ಇನ್ನೊಂದು ರೀತಿ, ಮತ್ತು ಇಬ್ಬರೂ ಎದುರಿನವರದು ಸುಳ್ಳು ಎನ್ನುತ್ತಾರೆ. ನನ್ನ ಸೋದರತ್ತೆ ಮೇಲಿನ ಓಣಿಯಲ್ಲಿ ಹುಟ್ಟಿ ಕೆಳಗಿನ ಓಣಿಗೆ ಸೊಸೆಯಾಗಿ ಹೋದವಳಾದ್ದರಿಂದ ನಾನು ಅವಳ ಮಾತನ್ನು ಹಿಡಿದಿದ್ದೇನೆ.

ಹಿಂದೆ ಒಮ್ಮೆ, ಊರಿಗೆ ಶಂಕನಗೌಡರು ಹಿರಿಯರಾಗಿದ್ದ ಕಾಲದಲ್ಲಿ, ಕೆರೆ ಕೋಡಿ ಬೀಳುವಷ್ಟು ತುಂಬಿತ್ತಂತೆ. ಭತ್ತ ನಾಟಿಯಾಗಿ ತೆನೆ ಹಾಲು ಕಟ್ಟುವ ಹೊತ್ತಿಗೆ ನೋಡಿದರೆ ನೀರು ಲೆಕ್ಕಕ್ಕಿಂತ ಕೆಳಗೆ ಇಳಿದಿತ್ತು. ತೂಬು ಮುಚ್ಚಿದ್ದರೂ ಇಳಿಯುತ್ತಲೇ ಇತ್ತು. ಮೇಲಿನ ಓಣಿಯವರು ಕೆಳಗಿನವರ ಗದ್ದೆಯ ತೇವ ಮುಟ್ಟಿ ನೋಡತೊಡಗಿದರು; ಕೆಳಗಿನವರು ಮೇಲಿನವರ ಬಾವಿ ಇಣುಕಿದರು. ನೆಂಟರ ಮನೆಗೆ ಹೋಗಿ ಬಂದವನ ಕಾಲಿನ ಕೆಸರನ್ನೂ ಜನ ದಿಟ್ಟಿಸುತ್ತಿದ್ದರಂತೆ. ಕೊನೆಗೆ ಎರಡೂ ಓಣಿಯವರಿಗೆ ಒಪ್ಪಿಗೆಯಾದ ಕಳ್ಳ ಒಬ್ಬನೇ: ತೂಬು ತೆರೆದು ಮುಚ್ಚುವ ನೀರುಗಂಟಿ ಗಾದಿಲಿಂಗ. ಚಾವಡಿಗೆ ಕರೆಸಿ ಗೌಡರು ಕೇಳಿದರು: "ಕೆರಿ ನೀರಿಗೆ ಕಾಲು ಬಂದಾವೇನೋ?" ಆತ ಕೈಮುಗಿದು, "ಒಯ್ದು ಎಲ್ಲಿಡ್ಲಿ ಗೌಡ್ರ? ನಮ್ಮ ಮನ್ಯಾಗ ಇರೋದು ಒಂದ ಕೊಡ, ಅದೂ ಸೋರತೈತಿ" ಎಂದ. ಯಾರೂ ನಗಲಿಲ್ಲ. ಅಮಾವಾಸ್ಯೆಯೊಳಗೆ ತಪ್ಪೊಪ್ಪದಿದ್ದರೆ ನೀರುಗಂಟಿ ಕೆಲಸಕ್ಕೆಂದು ಊರು ಬಿಟ್ಟುಕೊಟ್ಟಿದ್ದ ಅವನ ಮಾನ್ಯದ ಹೊಲ ಕಿತ್ತುಕೊಂಡು, ಹೆಂಡತಿ ಮಗಳೊಂದಿಗೆ ಊರು ಬಿಡಿಸುವುದೆಂದು ತೀರ್ಮಾನವಾಯಿತು. ಅಲ್ಲಿಯತನಕ ಅವನನ್ನು ಚಾವಡಿಯಲ್ಲೇ ಕೂರಿಸಿದರು.

ಊರಿನ ಕೂಲಿಮಠದಲ್ಲಿ ಮಕ್ಕಳಿಗೆ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದವರು ಚರಂತಯ್ಯನವರು. ಎರಡೂ ಓಣಿಯ ಮಕ್ಕಳು ಅಲ್ಲಿ ಕೂಡುತ್ತಿದ್ದರು, ಮೇಲಿನ ಓಣಿಯ ಗೌಡರ ಮೊಮ್ಮಗ ಪಂಪನಗೌಡನೂ ಕೆಳಗಿನ ಓಣಿಯ ನೀರುಗಂಟಿಯ ಮಗಳು ನಿಂಬೆವ್ವನೂ ಸೇರಿ. ಆ ದಿನಗಳಲ್ಲಿ ಮಕ್ಕಳು ಅಕ್ಷರ ಬಿಟ್ಟು ಕಳ್ಳನ ಮಾತನ್ನೇ ಆಡುತ್ತ ಒಬ್ಬರ ಜುಟ್ಟು ಒಬ್ಬರು ಹಿಡಿಯುತ್ತಿದ್ದುದನ್ನು ಕಂಡು, ಅಯ್ಯನವರು ಮರಳನ್ನು ಹರಡಿ ನಡುವೆ ಗೀರೆಳೆದರು. ಗೀರಿನ ಎಡಕ್ಕೆ ಕಣ್ಣಾರೆ ಕಂಡದ್ದನ್ನು ಬರೆಯಬೇಕು, ಬಲಕ್ಕೆ ಬರೀ ಗುಮಾನಿಯನ್ನು. ಮನುಷ್ಯರ ಹೆಸರನ್ನು ಎರಡೂ ಕಡೆ ಬರೆಯುವಂತಿಲ್ಲ. ಎಡಕ್ಕೆ ಏನಾದರೂ ಬರೆಯಬೇಕೆಂದರೆ ಎರಡು ಓಣಿಯ ಇಬ್ಬರು ಜೊತೆಯಾಗಿ ನೋಡಿ ಬಂದಿರಬೇಕು. ಬಲಗಡೆ ಆ ಹೊತ್ತಿಗೇ ತುಂಬಿಹೋಯಿತಂತೆ. ಎಡಗಡೆ ಒಂದಕ್ಷರವೂ ಬೀಳಲಿಲ್ಲ. ಆ ಖಾಲಿ ಮರಳನ್ನು ತುಂಬಿಸಲು ಮಕ್ಕಳು ಅಲ್ಲೇ ಜೊತೆ ಆರಿಸಿಕೊಂಡರು ಎನ್ನುತ್ತಾರೆ.

ಮರುದಿನದಿಂದ ಅವರು ಜೋಡಿ ಜೋಡಿಯಾಗಿ ಏರಿಯ ಮೇಲೆ ಕಾಣಿಸಿಕೊಂಡರು. ಜೋಳದ ದಂಟಿಗೆ ಗೀರು ಹಾಕಿ ನೀರಂಚಿಗೆ ನೆಟ್ಟರು. ಗೌಡರ ಮೊಮ್ಮಗನಿಗೆ ನೀರುಗಂಟಿಯ ಮಗಳೇ ಜೊತೆಯಾಗಿ ಬಂದಳು. "ಕಳ್ಳನ ಮಗಳು ನೀ, ನೀ ಹೇಳಿದ್ದು ನಾ ಯಾಕ ನಂಬ್ಲಿ?" ಎಂದು ಅವನು ಮುಖ ತಿರುಗಿಸಿದನಂತೆ. "ನಂಬಬ್ಯಾಡ. ಬಗ್ಗಿ ನೋಡು" ಎಂದಳು ಅವಳು. ಬಗ್ಗಿದ. ನೀರು ಗೀರು ಬಿಟ್ಟು ಇಳಿದಿತ್ತು, ಅದೂ ಗಾದಿಲಿಂಗ ಚಾವಡಿಯಲ್ಲಿ ಕೂತಿರುವಾಗ. ಬಿಸಿಲು ಕುಡಿದಿರಬೇಕು ಎಂದು ಒಬ್ಬ ಹುಡುಗ ಹೇಳಿದ್ದಕ್ಕೆ, ದನಕ್ಕೆ ನೀರಿಡುವ ಬಾನಿಯೊಂದನ್ನು ತುಂಬಿ ಪಕ್ಕದಲ್ಲೇ ಬಿಸಿಲಿಗಿಟ್ಟರು. ಬಾನಿಯ ನೀರು ಇಳಿದದ್ದು ಉಗುರಿನಷ್ಟು, ಕೆರೆಯದು ಗೇಣಿನಷ್ಟು. ತೂಬಿನ ಕಾಲುವೆಯ ಬಾಯಲ್ಲಿ ಬೂದಿ ಹರಡಿಟ್ಟರು. ಮುಂಜಾನೆ ನೋಡಿದರೆ ಬೂದಿ ಒಣಗಿಯೇ ಇತ್ತು. ಇದನ್ನೆಲ್ಲ ಚಾವಡಿಯ ಮುಂದೆ ಒಪ್ಪಿಸಿದಾಗ ಹಿರಿಯರು, ನೀರುಗಂಟಿಯ ಹೆಂಡತಿ ತೂಬು ಎತ್ತಿರಬೇಕು, ಮಗಳು ಮತ್ತೆ ಬೂದಿ ಹರಡಿರಬೇಕು ಎಂದರು. ಅಯ್ಯನವರಿಗೆ ನೀರುಗಂಟಿಯ ಮನೆಯಿಂದ ಏನು ಬಂತೋ ಎಂದೂ ಹಿಂದಿನಿಂದ ಆಡಿಕೊಂಡರು.

ಅಯ್ಯನವರ ಮನಸ್ಸಿನಲ್ಲೂ ಒಂದು ಗುಮಾನಿ ಇತ್ತು. ಏರಿಯ ಹಿಂದೆ ಇಳಿಜಾರಿನಲ್ಲಿದ್ದುದು ಗೌಡರ ತೋಟ, ನೀರಿಗೆ ತತ್ವಾರವಾಗಿದ್ದ ಆ ದಿನಗಳಲ್ಲೂ ಅದು ಹಸಿರಾಗಿತ್ತು. ಅಮಾವಾಸ್ಯೆ ಹತ್ತಿರ ಬಂದಂತೆ ಅವರು ತಾಳ್ಮೆ ಕಳೆದುಕೊಂಡು, ನೀರು ತೋಟಕ್ಕೇ ಹೋಗುತ್ತದೆ, ಎಡಕ್ಕೆ ಬರೆಯಿರಿ ಎಂದುಬಿಟ್ಟರು. ಪಂಪನಗೌಡನ ಮುಖ ಸಣ್ಣಗಾಯಿತು. ಆಗ ನಿಂಬೆವ್ವ ಕೈಯೆತ್ತಿ, "ಅಯ್ನೋರ, ನೀವು ಹೋಗಿ ನೋಡಿ ಬಂದೀರೇನ್ರಿ?" ಎಂದು ಕೇಳಿದಳು. ಇಲ್ಲವೆಂದರು. "ಹಂಗಾದ್ರ ಅದು ಬಲಕ್ಕ ಬರೀಬೇಕಲ್ರಿ." ತನ್ನ ಅಪ್ಪನನ್ನು ಉಳಿಸಬಹುದಾಗಿದ್ದ ಮಾತನ್ನು ಅವಳೇ ಗೀರಿನ ಆಚೆ ತಳ್ಳಿದಳು. ಅಯ್ಯನವರು ನಾಚಿ, ತಾವೇ ಬೆರಳಿಂದ ಅದನ್ನು ಬಲಕ್ಕೆ ಬರೆದರಂತೆ. ಅಂದಿನಿಂದ ಪಂಪನಗೌಡ ಅವಳನ್ನು ಕಳ್ಳನ ಮಗಳು ಎನ್ನಲಿಲ್ಲ.

ಉಳಿದದ್ದು ನೀರನ್ನೇ ಹಿಂಬಾಲಿಸುವ ಕೆಲಸ. ಮಕ್ಕಳು ಮಡಿಲ ತುಂಬ ಸಜ್ಜೆಯ ಹೊಟ್ಟು ತಂದು ಏರಿಯ ಉದ್ದಕ್ಕೂ ನೀರಿಗೆ ಚೆಲ್ಲಿದರು. ಎಲ್ಲೆಡೆ ಹೊಟ್ಟು ಸುಮ್ಮನೆ ತೇಲಿತು. ಒಂದು ಕಡೆ ಮಾತ್ರ ಮೆಲ್ಲಗೆ ಸುತ್ತಿ ಒಳಗೆ ಹೋಯಿತು. ಅದರ ಮೇಲಕ್ಕೆ, ಏರಿಯ ನೆತ್ತಿಯಲ್ಲಿ, ಒಂದು ಅತ್ತಿಮರದ ಮೋಟು ಇತ್ತು. ಮೊದಲ ಸಲ ಕೆರೆ ತುಂಬಿದ ವರ್ಷ ಊರವರು ಕೆರೆಯ ದೇವತೆ ಗಂಗವ್ವನ ಹೆಸರಿನಲ್ಲಿ ನೆಟ್ಟ ಮರ ಅದು. ಒಣಗಿದಾಗ ಕಾಂಡ ಕಡಿದರು, ಬೇರಿಗೆ ಮಾತ್ರ ಯಾರೂ ಸಲಿಕೆ ಮುಟ್ಟಿಸಲಿಲ್ಲ. ಬೇರೆಂದರೆ ಗಂಗವ್ವನ ಕಾಲು; ಅಲ್ಲಿ ವರ್ಷವರ್ಷವೂ ಅರಿಸಿನ ಕುಂಕುಮ ಏರಿಸುತ್ತಿದ್ದರು. ಅಯ್ಯನವರು ಈ ಸಲ ಊರನ್ನೇ ಕರೆಸಿದರು. ಮಕ್ಕಳು ಗೋಡೆಗೆ ಸಾರಿಸುವ ಕೆಮ್ಮಣ್ಣನ್ನು ಕದಡಿ, ಹೊಟ್ಟು ಮುಳುಗಿದ ಜಾಗಕ್ಕೆ ಕೊಡಗಟ್ಟಲೆ ಸುರಿದರು. ಜನ ಏರಿಯ ಹಿಂದೆ, ತೋಟದ ಬೇಲಿಯಾಚೆ ಜೊಂಡು ಬೆಳೆದಿದ್ದ ಹಳ್ಳದ ಹತ್ತಿರ ನಿಂತರು. ಬಹಳ ಹೊತ್ತು ಏನೂ ಆಗಲಿಲ್ಲ. ಕೆಲವರು ಪಂಚೆ ಕೊಡವಿ ಹೊರಟಿದ್ದರು. ಆಮೇಲೆ ಜೊಂಡಿನ ಬುಡದಲ್ಲಿ ಕೆಂಪುನೀರು ಒಸರಿತು. ಕೊಳೆತ ಬೇರು ಏರಿಯೊಳಗೆ ಕೊಳವೆಯಾಗಿ, ಊರು ಕೈಮುಗಿಯುತ್ತಿದ್ದ ಜಾಗದಿಂದಲೇ ಕೆರೆ ಬರಿದಾಗುತ್ತಿತ್ತು.

ಕಳ್ಳನಿಲ್ಲವೆಂದು ತಿಳಿದರೂ ಯಾರ ಮುಖದಲ್ಲೂ ಗೆಲುವಿರಲಿಲ್ಲ. ಬೇರು ಅಗೆಯುವವರಾರು? ಅಗೆದವನ ವಂಶಕ್ಕೆ ಶಾಪ ತಗಲುತ್ತದೆಂದು ಎರಡೂ ಓಣಿಯವರು ಒಬ್ಬರನ್ನೊಬ್ಬರು ಮುಂದೆ ದೂಡಿದರು. ಚಾವಡಿಯಿಂದ ಎದ್ದು ಬಂದ ಗಾದಿಲಿಂಗ ಸಲಿಕೆ ತೆಗೆದುಕೊಂಡ. ಬೇರನ್ನು ಬಿಡಿಸಿ, ಜೇಡಿಮಣ್ಣು ತುಂಬಿ, ಕಾಲಿಂದ ತುಳಿದು ಗಟ್ಟಿ ಮಾಡಿದ. ಭತ್ತ ಉಳಿಯಿತು. ಗೌಡರು ತೂಬಿನ ಗೂಟ ಎತ್ತುವ ಹಾರೆಯನ್ನು ಮತ್ತೆ ಅವನ ಕೈಗೆ ಕೊಡಲು ಹೋದಾಗ ಅವನು ಹಿಂದೆ ಸರಿದ. "ಈ ಸಲ ಬೇರು ಸಿಕ್ತು ಗೌಡ್ರ. ಮುಂದಿನ ಸಲ ಏನೂ ಸಿಗದಿದ್ರ ಮತ್ತ ನಾನ ಕಳ್ಳ. ನಿಮ್ಮ ನಂಬಿಗಿ ನನಗ ಬ್ಯಾಡ, ಈ ಹುಡುಗರನ್ನ ಕೊಡ್ರಿ." ಎರಡು ಓಣಿಯ ಇಬ್ಬರು ಮಕ್ಕಳು ಎದುರಿಗೆ ಕೂತು ನೋಡದ ಹೊರತು ತಾನು ತೂಬು ಮುಟ್ಟುವುದಿಲ್ಲ ಎಂದ. ಅದಕ್ಕೆ ಗೌಡರು ಒಪ್ಪಲೇಬೇಕಾಯಿತು. ಆ ಸುಗ್ಗಿಯಿಂದ ಅದು ಹುಡುಗರ ತೂಬಾಯಿತು ಎನ್ನುತ್ತಾರೆ.

ಇಂದು ಏರಿಗೆ ಹೋದವರು ತೂಬಿನ ಎದುರಿಗೆ ಎರಡು ಗಿಡ್ಡ ಕಲ್ಲುಪೀಠಗಳನ್ನು ನೋಡಬಹುದು. ದೊಡ್ಡವರು ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತದೆ. ಅವು ಅವರಿಗಾಗಿ ಇಟ್ಟವಲ್ಲ. ಗದ್ದೆಗೆ ನೀರು ಬಿಡುವ ದಿನ ಈಗಿನ ನೀರುಗಂಟಿ ಮೇಲಿನ ಓಣಿಗೊಮ್ಮೆ, ಕೆಳಗಿನ ಓಣಿಗೊಮ್ಮೆ ಮುಖಮಾಡಿ ಕೂಗು ಹಾಕುತ್ತಾನೆ. ಶಾಲೆಯ ಮಾಸ್ತರರು ಇಬ್ಬರನ್ನು ಕಳಿಸುತ್ತಾರೆ. ಅವರು ಬಂದು ಕೂತು, ಹೂಂ ಎನ್ನುವವರೆಗೆ ಗದ್ದೆಯವರೆಲ್ಲ ಎಷ್ಟೇ ಅವಸರ ಮಾಡಿದರೂ ಆತ ಹಾರೆಗೆ ಕೈ ಹಚ್ಚುವುದಿಲ್ಲ.