ಹಂಸ ಮಾರ್ಕಿನ ಡಬ್ಬ

"ಬುದ್ಧೀ, ಒಮ್ಮೆ ನಂಬಿದ ಹೆಸರನ್ನು ಕೊನೆಯವರೆಗೂ ಕೈಬಿಡದಿರುವುದೇ ಅಲ್ಲವೇ ನಿಷ್ಠೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚನ್ನಮಲ್ಲ. ಮಠದ ಜೀಪಿನ ಉಸ್ತುವಾರಿ ಅವನದು. ಹೊಸದಾಗಿ ತಂದ ಎಂಜಿನ್ ಆಯಿಲ್ ಸರಿಯಿಲ್ಲವೆಂದು ಜೀಪಿನ ಚಾಲಕ ಹಿಂದಿನ ದಿನ ಹೇಳಿದ್ದ. ಮಠ ಇಪ್ಪತ್ತು ವರ್ಷಗಳಿಂದ ಬಳಸುತ್ತಿದ್ದ ಕಂಪನಿಯ ಆಯಿಲ್ ಅದು. ಚನ್ನಮಲ್ಲ ಹತ್ತು ಜನರ ಎದುರಿಗೆ ಚಾಲಕನನ್ನು ಬೈದು, ಜೀಪಿನ ಕೀಲಿಕೈ ಕಿತ್ತುಕೊಂಡು, ಗಂಟುಮೂಟೆ ಕಟ್ಟು ಎಂದಿದ್ದ. ಈಗ ಗುರುಗಳಿಂದ ಭೇಷ್ ಎನಿಸಿಕೊಳ್ಳಲು ಬಂದು ನಿಂತಿದ್ದ.

"ಚಾಲಕ ನಿನಗೆ ಏನನ್ನಾದರೂ ತೋರಿಸಿದನೇ?" ಎಂದು ಗುರುಗಳು ಕೇಳಿದರು.

"ಏನೋ ಒಂದು ಕಾಗದ ಹಿಡಿದುಕೊಂಡು ಬಂದಿದ್ದ. ನಾನು ನೋಡಲಿಲ್ಲ ಬುದ್ಧೀ. ಅಂಥ ಕಂಪನಿಯನ್ನು ಹಳಿಯುವವನ ಕಾಗದದಲ್ಲಿ ನೋಡುವುದಾದರೂ ಏನಿರುತ್ತದೆ?"

"ಕುಳಿತುಕೋ," ಎಂದರು ಗುರುಗಳು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಹೆದ್ದಾರಿಯ ಪಕ್ಕದ ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ತಂದೆ ಲಾರಿ ಇಟ್ಟಿದ್ದರು. ಆ ಲಾರಿ ಮೂವತ್ತೊಂದು ವರ್ಷ ಓಡಿತು. ಒಂದು ಸಲವೂ ಅದರ ಎಂಜಿನ್ ಬಿಚ್ಚಬೇಕಾಗಿ ಬರಲಿಲ್ಲ. ಅದಕ್ಕೆ ಅವರು ಹಾಕಿಸುತ್ತಿದ್ದದ್ದು ಹಂಸ ಮಾರ್ಕಿನ ಆಯಿಲ್. ಮಗನೂ ಕಾರು ಕೊಂಡಾಗ ಹಂಸ ಮಾರ್ಕನ್ನೇ ಹಾಕಿಸಿದ. ಇಲ್ಲಿಯವರೆಗೆ ಯಾರ ತಪ್ಪೂ ಇಲ್ಲ. ಆಯಿಲ್ ಒಳ್ಳೆಯದೇ ಆಗಿತ್ತು.

ಲಾರಿ ಅಷ್ಟು ವರ್ಷ ಓಡಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಆಯಿಲ್ ಬದಲಿಸಿದಾಗಲೆಲ್ಲ ಅವನು ತಾರೀಕು, ಕಿಲೋಮೀಟರ್, ಹಳೆಯ ಆಯಿಲ್ ಯಾವ ಬಣ್ಣದಲ್ಲಿ ಇಳಿಯಿತು ಎಂಬ ವಿವರ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಮುಂದಿನ ತಾರೀಕನ್ನು ಲಾರಿಯವರು ಮರೆತರೆ ತಾನೇ ಮನೆಯ ಬಾಗಿಲಿಗೆ ಹೋಗಿ ನೆನಪಿಸುತ್ತಿದ್ದ. ಆದರೆ ಮೆಕ್ಯಾನಿಕ್‌ನ ಹೆಸರನ್ನು ಯಾರೂ ಗೋಡೆಗಳ ಮೇಲೆ ಬರೆಸಿರಲಿಲ್ಲ. ಲಾರಿ ಓಡಿದ ಕೀರ್ತಿಯೆಲ್ಲ ಹಂಸಕ್ಕೆ ಹೋಯಿತು.

ಊರಿನ ಹೋಟೆಲಿನ ಮುಂದೆ ದಿನಾ ಬೆಳಿಗ್ಗೆ ಕಾರುಗಳ ಯಜಮಾನರು ಸೇರುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಆಯಿಲ್. ಜಾತಿ ಬಿಟ್ಟು ಮಕ್ಕಳ ಮದುವೆಗೆ ಒಪ್ಪಿದವರೂ ಆಯಿಲ್ ವಿಷಯದಲ್ಲಿ ಒಪ್ಪುತ್ತಿರಲಿಲ್ಲ. ವ್ಯಾಪಾರಿಯ ದನಿ ಎಲ್ಲರಿಗಿಂತ ದೊಡ್ಡದು. "ನಿಮ್ಮದನ್ನೆಲ್ಲ ಹಾಕುವ ಬದಲು ಹರಳೆಣ್ಣೆ ಹಾಕಿ. ಎಂಜಿನ್ನಿಗೆ ಭೇದಿಯಾದರೂ ಸರಿಯಾಗಿ ಆಗುತ್ತದೆ," ಎನ್ನುತ್ತಿದ್ದ. ಆಯುಧಪೂಜೆಯ ದಿನ ಕಾರಿನ ಪಕ್ಕದಲ್ಲಿ ಹಂಸದ ಡಬ್ಬವನ್ನೂ ಇಟ್ಟು ಕುಂಕುಮ ಹಚ್ಚಿ ಹೂ ಏರಿಸುತ್ತಿದ್ದ.

ಮೆಕ್ಯಾನಿಕ್‌ಗೆ ಒಂದು ರೂಢಿ ಇತ್ತು. ಆಯಿಲ್ ಸುರಿದು ಮುಗಿದ ಕೂಡಲೇ ಸ್ಕ್ರೂಡ್ರೈವರ್ ತೆಗೆದುಕೊಂಡು ಖಾಲಿ ಡಬ್ಬಕ್ಕೆ ತೂತು ಹೊಡೆಯುತ್ತಿದ್ದ. ಯಾವ ಕಂಪನಿಯ ಡಬ್ಬವಾದರೂ ಅಷ್ಟೇ. ಒಂದು ದಿನ ವ್ಯಾಪಾರಿ ಅದನ್ನು ನೋಡಿದ.

"ಏನಯ್ಯಾ ಮೇಸ್ತ್ರಿ, ಹಂಸದ ಹೊಟ್ಟೆಗೇ ಚುಚ್ಚುತ್ತೀಯಲ್ಲ?"

"ಹೊಟ್ಟೆ ಖಾಲಿಯಾಗಿದೆ ಯಜಮಾನ್ರೇ. ಹಾಗೇ ಹೊರಗೆ ಬಿಟ್ಟರೆ ಯಾರೋ ಕಂಡದ್ದು ತುಂಬಿಸ್ತಾರೆ."

"ಅದನ್ನು ಬೇರೆಯವರ ಡಬ್ಬಕ್ಕೆ ಮಾಡು. ನಮ್ಮಪ್ಪನ ಕಾಲದ ಹೆಸರಿಗೆ ನಿನ್ನ ಕೈಯಲ್ಲಿ ತೂತು ಹೊಡೆಸುವುದಿಲ್ಲ," ಎಂದು ವ್ಯಾಪಾರಿ ಡಬ್ಬವನ್ನು ಕಿತ್ತುಕೊಂಡ.

ಅಂದಿನಿಂದ ಖಾಲಿ ಡಬ್ಬಗಳನ್ನೆಲ್ಲ ಅವನು ಮನೆಗೆ ಒಯ್ದ. ತೊಳೆದು, ಮುಚ್ಚಳ ಹಾಕಿ, ಸಾಲಾಗಿ ಇಟ್ಟ. ಜಾಗ ಸಾಲದಾದಾಗ ಗುಜರಿಯವನಿಗೆ ಕೊಟ್ಟ. ಗುಜರಿಯವನು ಮಿಕ್ಕ ಡಬ್ಬಗಳಿಗಿಂತ ನಾಲ್ಕು ಪಟ್ಟು ಹೆಚ್ಚು ಕೊಟ್ಟು ಅವನ್ನು ಕೊಂಡ. ಮುಚ್ಚಳ ಇದೆಯೇ ಎಂದು ಎರಡು ಸಲ ಕೇಳಿದ. ಹೀಗೇಕೆಂದು ವ್ಯಾಪಾರಿ ಯೋಚಿಸಲಿಲ್ಲ. ಹೋಟೆಲಿನ ಮುಂದೆ ಹೋಗಿ, "ಹಂಸದ ಖಾಲಿ ಡಬ್ಬಕ್ಕೂ ಮರ್ಯಾದೆ ಇದೆ, ನಿಮ್ಮದು ತುಂಬಿದ್ದರೂ ಕೇಳುವವರಿಲ್ಲ," ಎಂದು ಜಂಬ ಕೊಚ್ಚಿಕೊಂಡ.

ಒಂದೆರಡು ವರ್ಷ ಕಳೆಯಿತು. ಒಂದು ಸಲ ವ್ಯಾಪಾರಿ ಬಸ್ ನಿಲ್ದಾಣದ ಹಿಂದಿನ ಒಂದು ಹೊಸ ಅಂಗಡಿಯಲ್ಲಿ ಹಂಸ ಮಾರ್ಕಿನ ಡಬ್ಬ ಕೊಂಡು ಮೆಕ್ಯಾನಿಕ್‌ನ ಬಳಿಗೆ ತಂದ. ಮೆಕ್ಯಾನಿಕ್ ಮುಚ್ಚಳ ತೆಗೆದು ಮೂಸಿದ. ಬೆರಳುಗಳ ನಡುವೆ ಉಜ್ಜಿ ನೋಡಿದ. ಬೀರುವಿನಲ್ಲಿದ್ದ ಹೊಸ ಆಯಿಲ್‌ನ ಒಂದು ಹನಿಯನ್ನೂ ಈ ಡಬ್ಬದ ಒಂದು ಹನಿಯನ್ನೂ ಒಂದೇ ಕಾಗದದ ಮೇಲೆ ಅಕ್ಕಪಕ್ಕ ಬಿಟ್ಟ. ಒಂದು ತಿಳಿಯಾಗಿ ಹರಡಿತು. ಇನ್ನೊಂದರ ನಡುವೆ ಕಪ್ಪು ಬೊಟ್ಟು ಉಳಿಯಿತು.

"ಯಜಮಾನ್ರೇ, ಇದು ಯಾವುದೋ ಗಾಡಿಯಿಂದ ಇಳಿಸಿದ ಹಳೇ ಆಯಿಲ್. ಬಟ್ಟೆಯಲ್ಲಿ ಸೋಸಿ ತುಂಬಿಸಿದ್ದಾರೆ. ಇಲ್ಲಿ ನೋಡಿ."

ವ್ಯಾಪಾರಿ ಕಾಗದದ ಕಡೆ ತಿರುಗಲಿಲ್ಲ. "ಡಬ್ಬದ ಮೇಲೆ ಏನಿದೆ ನೋಡಿದೆಯಾ? ಹಾಲು ನೀರು ಬೇರೆ ಮಾಡುವ ಹಕ್ಕಿ ಅದು. ನೀನು ಅದಕ್ಕೆ ಪಾಠ ಹೇಳುತ್ತೀಯಾ?"

"ಹಕ್ಕಿ ಡಬ್ಬದ ಹೊರಗಿದೆ, ಸ್ವಾಮಿ. ಒಳಗೆ ಇಳಿದು ನೋಡಿದ್ದು ನನ್ನ ಬೆರಳು."

ವ್ಯಾಪಾರಿಗೆ ರೇಗಿತು. ಈ ಆಯಿಲನ್ನು ತನ್ನ ಕೈಯಿಂದ ಸುರಿಯುವುದಿಲ್ಲ ಎಂದು ಮೆಕ್ಯಾನಿಕ್ ಹಿಂದೆ ಸರಿದ. ವ್ಯಾಪಾರಿ ತಾನೇ ಸುರಿದುಕೊಂಡ. ಮೆಕ್ಯಾನಿಕ್ ಪುಸ್ತಕ ತೆರೆದು ತಾರೀಕು ಹಾಕಿ, ಕಿಲೋಮೀಟರ್ ಹಾಕಿ, 'ಬೇಡವೆಂದೆ, ಯಜಮಾನರು ತಾವೇ ಸುರಿದರು' ಎಂದು ಬರೆದ. ಎರಡು ಹನಿಗಳ ಕಾಗದವನ್ನು ಅದೇ ಪುಟಕ್ಕೆ ಅಂಟಿಸಿದ.

ಐದು ವಾರಗಳ ನಂತರ ವ್ಯಾಪಾರಿ ಹೆಂಡತಿಯ ಜೊತೆ ಒಂದು ಮದುವೆಗೆ ಹೊರಟಿದ್ದ. ಹೆದ್ದಾರಿಯಲ್ಲಿ ಸ್ಟೀರಿಂಗ್ ಹಿಂದಿನ ಕೆಂಪು ದೀಪ ಹೊತ್ತಿಕೊಂಡಿತು. ಎಂಜಿನ್ನಿಗೆ ಆಯಿಲ್ ಏರುತ್ತಿಲ್ಲ, ಗಾಡಿ ನಿಲ್ಲಿಸು ಎಂದು ಹೇಳುವ ದೀಪ ಅದು. "ರೀ, ನಿಲ್ಲಿಸಿ," ಎಂದಳು ಹೆಂಡತಿ. "ಆಯಿಲ್ ಹಂಸದ್ದು. ಕೆಟ್ಟಿರುವುದು ದೀಪ," ಎಂದು ಅವನು ಓಡಿಸಿದ. ಮೂರು ಮೈಲಿ ಹೋಗುವುದರೊಳಗೆ ಎಂಜಿನ್ ಬಿಗಿದು ಸೀಜ್ ಆಗಿ ಕಾರು ನಡುರಸ್ತೆಯಲ್ಲಿ ನಿಂತಿತು.

ಜನಕ್ಕೆ ಏನೂ ಆಗಲಿಲ್ಲ. ಎಂಜಿನ್ ಮಾತ್ರ ಹೋಯಿತು.

ಮರುದಿನ ಬೆಳಿಗ್ಗೆ ವ್ಯಾಪಾರಿ ಹೋಟೆಲಿನ ಮುಂದೆ ನಿಂತು ಹೇಳಿದ: "ಹಂಸದ ಆಯಿಲ್ ಹಾಕಿದ ಎಂಜಿನ್ ತಾನಾಗಿ ಕೆಡುವುದಿಲ್ಲ. ನಾನು ಮಾತು ಕೇಳಲಿಲ್ಲ ಎಂದು ಆ ಮೇಸ್ತ್ರಿ ಏನೋ ಮಾಡಿದ್ದಾನೆ." ಆಯಿಲ್‌ಗಳ ವಿಷಯದಲ್ಲಿ ಒಂದು ದಿನವೂ ಒಂದಾಗದವರು ಅಂದು ಒಂದಾದರು. ಯಾರ ಆಯಿಲ್‌ಗೂ ಕುಂದು ಬಾರದ ಮಾತು ಅದಾಗಿತ್ತಲ್ಲ! ಹೌದು, ಮೆಕ್ಯಾನಿಕ್‌ನದೇ ಕೆಲಸ ಎಂದರು.

ಗುರುಗಳು ಇಲ್ಲಿ ಕತೆ ನಿಲ್ಲಿಸಿದರು. ಅವರ ದನಿ ಗಟ್ಟಿಯಾಗಿತ್ತು.

"ಚನ್ನಮಲ್ಲ, ಕಂಪನಿಗೆ ಕೆಟ್ಟ ಹೆಸರು ಬಂದರೆ ವಕೀಲರು ಬರುತ್ತಾರೆ. ಹೊಸ ಜಾಹೀರಾತು ಬರುತ್ತದೆ. ಅದಕ್ಕೆ ಹಸಿವಾಗುವುದಿಲ್ಲ, ನಾಚಿಕೆಯೂ ಆಗುವುದಿಲ್ಲ. ಆ ಮನುಷ್ಯನಿಗೆ ಇದ್ದದ್ದು ಒಳ್ಳೆಯ ಕೆಲಸಗಾರ ಎಂಬ ಒಂದು ಹೆಸರು ಮಾತ್ರ. ನಲವತ್ತು ವರ್ಷ ಒಂದೊಂದೇ ನಟ್ಟು ಬಿಗಿದು ಗಳಿಸಿದ ಹೆಸರು. ಅವರು ಅದನ್ನು ಅರ್ಧ ಲೋಟ ಕಾಫಿ ಆರುವ ಮೊದಲೇ ಮುಗಿಸಿದರು. ಮುಗಿಸಿ, ತಾವು ನಿಷ್ಠಾವಂತರು ಎಂದುಕೊಂಡು ಮನೆಗೆ ಹೋದರು."

ಶಿಷ್ಯ ನೆಲ ನೋಡುತ್ತಿದ್ದ. ಗುರುಗಳು ಮುಂದುವರಿಸಿದರು.

ಮೆಕ್ಯಾನಿಕ್ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಟ್ಟೆ ಅಂಗಡಿಗೆ ಹೋದ. ಗಿರಾಕಿಗಳು ಹೋಗುವವರೆಗೂ ಮೆಟ್ಟಿಲ ಮೇಲೆ ನಿಂತಿದ್ದ. ಆಮೇಲೆ, "ಯಜಮಾನ್ರೇ, ಬೇರೆ ಏನೂ ಕೇಳಲ್ಲ. ಈ ಒಂದು ಪುಟ ಓದಿ," ಎಂದ.

"ನೀನೇ ಬರೆದುಕೊಂಡದ್ದನ್ನು ನಾನು ಓದಬೇಕೋ? ಹಾಗಾದರೆ ಕಳ್ಳನೂ ದಿನಚರಿ ಬರೆಯಲಿ."

ಅಂಗಡಿಯ ಕೆಲಸದವರು ನಕ್ಕರು. ಮೆಕ್ಯಾನಿಕ್ ಪುಸ್ತಕ ಮುಚ್ಚಿಕೊಂಡು ಇಳಿದು ಹೋದ.

ಹನ್ನೊಂದು ಕಾರುಗಳು ಅವನಲ್ಲಿಗೆ ಬರುವುದನ್ನು ನಿಲ್ಲಿಸಿದವು. ಅವರನ್ನು ನೋಡಿ ಆಟೋದವರೂ ನಿಲ್ಲಿಸಿದರು. ಅವನ ಗ್ಯಾರೇಜಿನಲ್ಲಿ ಯಾರ ಗಾಡಿಗೆ ಯಾವಾಗ ಏನು ಮಾಡಬೇಕೆಂಬ ನಲವತ್ತು ವರ್ಷಗಳ ಲೆಕ್ಕವಿತ್ತು. ಮಾಡಲು ಗಾಡಿ ಇರಲಿಲ್ಲ. ನಾಲ್ಕನೆಯ ತಿಂಗಳು ಬಾಗಿಲು ಹಾಕಿದ. ಅರವತ್ತೆರಡನೆಯ ವಯಸ್ಸಿನಲ್ಲಿ ಬೇರೆ ಊರಿಗೆ ಹೋಗಿ, ಇನ್ನೊಬ್ಬರ ಗ್ಯಾರೇಜಿನಲ್ಲಿ ಗಾಡಿ ತೊಳೆಯುವ ಕೆಲಸಕ್ಕೆ ಸೇರಿದ. ಬೇರೆ ಕೆಲಸವನ್ನು ಅವರೂ ಕೊಡಲಿಲ್ಲ. ಅವನ ಮೇಲಿನ ಮಾತು ಅವನಿಗಿಂತ ಮೊದಲೇ ಆ ಊರನ್ನು ತಲುಪಿತ್ತು.

ಮುಂದಿನ ಬೇಸಿಗೆಯಲ್ಲಿ ಪೊಲೀಸರು ಊರಾಚೆಯ ಒಂದು ಶೆಡ್ಡಿಗೆ ನುಗ್ಗಿದರು. ಒಳಗೆ ಪೀಪಾಯಿಗಳಲ್ಲಿ ಗಾಡಿಗಳಿಂದ ಇಳಿಸಿದ ಹಳೆಯ ಆಯಿಲ್ ಇತ್ತು. ಸೋಸುವ ಪಂಚೆಗಳಿದ್ದವು. ಸುಳ್ಳು ಸೀಲುಗಳಿದ್ದವು. ಒಂದು ಗೋಡೆಯ ಉದ್ದಕ್ಕೂ ಹಂಸ ಮಾರ್ಕಿನ ಡಬ್ಬಗಳಿದ್ದವು. ಒಂದಕ್ಕೂ ತೂತಿರಲಿಲ್ಲ. ಗುಜರಿಯವನು ಎಲ್ಲವನ್ನೂ ಒಪ್ಪಿಕೊಂಡ.

ಊರಿನ ಕಾರುಗಳ ಯಜಮಾನರನ್ನೆಲ್ಲ ಇನ್ಸ್‌ಪೆಕ್ಟರ್ ವಿಚಾರಣೆಗೆಂದು ಠಾಣೆಗೆ ಕರೆಸಿದ. ಬಟ್ಟೆ ವ್ಯಾಪಾರಿಯೂ ಹೋದ. ಮೇಜಿನ ಮೇಲಿದ್ದ ಕೆಲವು ಡಬ್ಬಗಳ ತಳದಲ್ಲಿ ಅರ್ಧ ಅಳಿಸಿದ ತಾರೀಕುಗಳು ಕಾಣಿಸುತ್ತಿದ್ದವು. ಕೊಂಡ ದಿನವನ್ನು ಡಬ್ಬದ ತಳದಲ್ಲಿ ಬರೆದಿಡುವುದು ವ್ಯಾಪಾರಿಯ ಅಭ್ಯಾಸ.

"ಇದು ಯಾರ ಬರಹ ಸ್ವಾಮಿ?" ಎಂದು ಇನ್ಸ್‌ಪೆಕ್ಟರ್ ಕೇಳಿದ.

"ನನ್ನದೇ."

"ಚೆನ್ನಾಯಿತು. ಕಳ್ಳರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರಿಗೆ ಡಬ್ಬ ತೊಳೆದು, ಮುಚ್ಚಳ ಹಾಕಿ ಕೊಡುವವರನ್ನು ನಾನು ನೋಡಿದ್ದು ಇದೇ ಮೊದಲು. ನಿಮಗೆ ಯಾರೂ ಎಚ್ಚರಿಕೆ ಹೇಳಲಿಲ್ಲವೇ?"

ಅಲ್ಲಿದ್ದ ಹನ್ನೊಂದು ಜನಕ್ಕೂ ಉತ್ತರ ಗೊತ್ತಿತ್ತು. ಎಚ್ಚರಿಕೆ ಹೇಳಿದವನು ಒಂದೂವರೆ ಗಂಟೆಯ ದಾರಿಯ ಊರಿನಲ್ಲಿ ಬಾಗಿ ಕುಳಿತು ಚಕ್ರಗಳ ಕೆಸರು ತೊಳೆಯುತ್ತಿದ್ದ. ಅವನ ಊರೂ ಗೊತ್ತಿತ್ತು, ಅಲ್ಲಿಗೆ ಹೋಗುವ ಬಸ್ಸೂ ಗೊತ್ತಿತ್ತು. ಅಂದು ಯಾರೂ ಆ ಬಸ್ಸು ಹತ್ತಲಿಲ್ಲ.

ವ್ಯಾಪಾರಿ ನೇರ ಮನೆಗೆ ಬಂದ. ಊಟ ಬೇಡವೆಂದ. ಹೆಂಡತಿ ಕೇಳಿದ್ದಕ್ಕೆ, "ದೊಡ್ಡ ತಪ್ಪು ಮಾಡಿಬಿಟ್ಟೆ ಕಣೇ. ನಂಬಬೇಕಾದ ಕಡೆ ಅನುಮಾನ ಪಟ್ಟೆ," ಎಂದು ಕಣ್ಣೊರೆಸಿಕೊಂಡ. ಅವಳಿಗೆ ಸಮಾಧಾನವಾಯಿತು. ಈಗಲೇ ಹೋಗಿ ಕ್ಷಮೆ ಕೇಳಿಬಿಡಿ, ಆ ಮುದುಕ ಇನ್ನೂ ಗಟ್ಟಿಯಾಗಿದ್ದಾನೆ, ಗ್ಯಾರೇಜು ಮತ್ತೆ ತೆರೆಯಬಹುದು, ನಿಮ್ಮ ಒಂದು ಮಾತು ಸಾಕು ಎಂದಳು. ಅವನು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಚನ್ನಮಲ್ಲ ಸಣ್ಣ ದನಿಯಲ್ಲಿ, "ಕ್ಷಮೆ ಕೇಳಿದನೇ ಬುದ್ಧೀ?" ಎಂದ.

"ಕೇಳಿದ," ಎಂದರು ಗುರುಗಳು. "ಎಂಜಿನ್ ನಿಂತ ದಿನ ಅರೆಗಳಿಗೆ ನಿಮ್ಮನ್ನು ಶಂಕಿಸಿದೆ, ಮನ್ನಿಸಿ ಎಂದು ಹಂಸ ಕಂಪನಿಗೆ ನಾಲ್ಕು ಪುಟ ಪತ್ರ ಬರೆದ."