ಏರೋಪ್ಲೇನ್ ಚಿಟ್ಟೆ ಕೆರೆಯಲ್ಲಿ ಬಾಲ ಅದ್ದುವುದೇಕೆ

ಭೂಮಿ ಇನ್ನೂ ಒಲೆಯಿಂದ ಇಳಿಸಿದ ಮುದ್ದೆಯ ಹಾಗೆ ಬೆಚ್ಚಗಿತ್ತು. ಬೆಟ್ಟಗಳ ಮೇಲೆ, ತಟ್ಟಿದ ಬೆರಳಿನ ಗುರುತು ಆರಿರಲಿಲ್ಲ. ಆಗ ನಮ್ಮೂರಲ್ಲಿ ಇದ್ದದ್ದು ಏಳೇ ಮನೆ, ಏಳೇ ಗದ್ದೆ, ಒಂದೇ ಕೆರೆ.

ಕೆರೆಯಿಂದ ನೀರು ಬಿಡುವ ತೂಬಿನ ಬಾಯಲ್ಲೇ ಮುದ್ದಯ್ಯನ ಗದ್ದೆ. ಎಲ್ಲಕ್ಕಿಂತ ಕೆಳಗೆ, ಕೊನೆಯದು, ದ್ಯಾವಕ್ಕನದು.

ದ್ಯಾವಕ್ಕನ ಭತ್ತ ತೆನೆ ಬಿಡುವ ಹೊತ್ತು. ನೀರು ಮಾತ್ರ ಅಲ್ಲಿವರೆಗೆ ಬರಲೇ ಇಲ್ಲ. ಇನ್ನು ಮೂರು ದಿನ ಬರದಿದ್ದರೆ ತೆನೆಯೆಲ್ಲ ಜೊಳ್ಳು. ವರ್ಷವಿಡೀ ಅವಳ ಒಲೆ ತಣ್ಣಗೆ.

"ಮುದ್ದಣ್ಣ, ನಿನ್ನ ಗದ್ದೇಲಿ ಕಪ್ಪೆ ಈಜ್ತಾ ಐತೆ. ನನ್ನ ಗದ್ದೇಲಿ ನೆಲ ಬಾಯಿ ಬಿಟ್ಟೈತೆ. ನೀರು ಈ ಕಡೆ ಬಿಡು."

"ಕೆರೆ ಏನು ಮುಗಿದುಹೋಗೋ ಮಡಕೇನಾ, ತಂಗಿ? ನಂದಾಗ್ಲಿ, ಆಮೇಲೆ ನಿಂದು."

ಮುದ್ದಯ್ಯ ಕೆಟ್ಟವನಲ್ಲ. ಕೆರೆಗೆ ಕೊನೆಯೇ ಇಲ್ಲ ಎಂದು ನಂಬಿದ್ದ, ಅಷ್ಟೆ. ಆಗ ಎಲ್ಲರೂ ಹಾಗೇ ನಂಬಿದ್ದರು.

ದ್ಯಾವಕ್ಕ ಏರಿಯ ಮೇಲೆ ಕೂತು ಕೇಳಿದಳು, "ಕೆರೆತಾಯಿ, ನೀನು ಎಷ್ಟಿದ್ದೀಯ?"

"ನಂಗೇನು ಗೊತ್ತು ಮಗಳೇ?" ಎಂದಿತು ಕೆರೆ, ನಿದ್ದೆಗಣ್ಣಲ್ಲಿ. "ನಾನು ಆಕಾಶ ನೋಡ್ತಾ ಮಲಗಿರೋಳು. ಯಾರಾದ್ರೂ ಅಳೆದು ಹೇಳಲಿ."

ಅಳೆಯಲು ಎಮ್ಮೆ ಇಳಿಯಿತು. ಇಳಿದದ್ದೇ ಕಣ್ಣು ಮುಚ್ಚಿತು, ಸಂಜೆಯವರೆಗೆ ಏಳಲಿಲ್ಲ. ಬೆಳ್ಳಕ್ಕಿ ಇಳಿಯಿತು. ಅದು ಎಣಿಸಿದ್ದು ಮೀನನ್ನು. ಕಪ್ಪೆಯನ್ನು ಕೇಳಿದರೆ, "ತುಂಬೈತೆ! ತುಂಬೈತೆ!" ಮುದ್ದಯ್ಯನ ಗದ್ದೆಯಲ್ಲಿ ಕೂತು ಹೇಳಿದ ಮಾತು ಅದು.

ಗಾಳಿ ಕಿವಿಯ ಹತ್ತಿರ ಬಂದು ಹೇಳಿತು, "ನೀರಲ್ಲಿ ಪಾಲಿಲ್ಲದೋರನ್ನ ಕೇಳು, ದ್ಯಾವಕ್ಕ."

ಪಾಲಿಲ್ಲದ್ದು ಒಂದೇ ಒಂದು. ನೀವು ಏರೋಪ್ಲೇನ್ ಚಿಟ್ಟೆ ಎನ್ನುತ್ತೀರಲ್ಲ, ಅದು. ಆಗ ಏರೋಪ್ಲೇನೂ ಇರಲಿಲ್ಲ, ಅದಕ್ಕೆ ಆ ಉದ್ದ ಬಾಲವೂ ಇರಲಿಲ್ಲ. ಹುಣಸೆ ಬೀಜದಷ್ಟು ಗುಂಡಗಿತ್ತು. ಗೂಡಿಲ್ಲ, ಗದ್ದೆಯಿಲ್ಲ, ಬಿಸಿಲಲ್ಲಿ ತೇಲುವುದೊಂದೇ ಕೆಲಸ.

ದ್ಯಾವಕ್ಕ ಕೇಳಿದ್ದೇ ಚಿಟ್ಟೆ ತನ್ನ ಗಿಡ್ಡ ಬಾಲವನ್ನು ನೀರಿಗೆ ಅದ್ದಿತು. ತಳ ಸಿಗಲಿಲ್ಲ. ಚಾಚಿತು. ಸಿಗಲಿಲ್ಲ. ಇನ್ನೂ ಚಾಚಿತು, ಇನ್ನೂ ಚಾಚಿತು, ಕೆಸರು ತಾಕುವವರೆಗೆ ಚಾಚಿತು. ಮೇಲೆದ್ದಾಗ ಬಾಲ ಮೊದಲಿನಷ್ಟಕ್ಕೆ ಕುಗ್ಗಲಿಲ್ಲ. ಕಡ್ಡಿಯಂತೆ ಉಳಿಯಿತು, ಕಬ್ಬಿನ ಹಾಗೆ ಗೆಣ್ಣು ಗೆಣ್ಣು.

"ನಾಲ್ಕು ಗೆಣ್ಣು ನೀರೈತೆ," ಎಂದಿತು.

ಮುದ್ದಯ್ಯ ನಕ್ಕ. "ಹುಳದ ಮಾತು ಕೇಳ್ಕೊಂಡು ನಾನು ನೀರು ನಿಲ್ಲಿಸಬೇಕಾ?"

"ನಿಲ್ಲಿಸಬೇಡ. ನಾಳೆ ಬಂದು ನೋಡು."

ಮರುದಿನ ಒದ್ದೆಯಾದದ್ದು ಮೂರೇ ಗೆಣ್ಣು. ಅದರ ಮರುದಿನ, ಎರಡು.

ಮುದ್ದಯ್ಯ ಕೆರೆಯನ್ನು ನೋಡಿದ, ಒದ್ದೆ ಬಾಲವನ್ನು ನೋಡಿದ.

"ಮುಗೀತದೆ," ಎಂದ. ಆ ಮಾತು ನಮ್ಮೂರಲ್ಲಿ ಹುಟ್ಟಿದ್ದು ಅವತ್ತೇ.

ಗುದ್ದಲಿ ಎತ್ತಿ ತನ್ನ ಗದ್ದೆಯ ಬಾಯಿಯನ್ನು ತಾನೇ ಮುಚ್ಚಿದ. ನೀರು ಗದ್ದೆಯಿಂದ ಗದ್ದೆಗೆ ಮೆಲ್ಲಗೆ ಇಳಿಯುತ್ತಾ, ಹೊತ್ತು ಮುಳುಗುವಾಗ ದ್ಯಾವಕ್ಕನ ಕಾಲು ಮುಟ್ಟಿತು. ನೆಲ ನೀರು ಕುಡಿಯುವ ಸದ್ದು ಏಳು ಮನೆಗೂ ಕೇಳಿಸಿತಂತೆ.

ಸುಗ್ಗಿಯಲ್ಲಿ ದ್ಯಾವಕ್ಕ ಮೊರದ ತುಂಬ ಭತ್ತ ತಂದಳು. "ತಗೋ. ನನ್ನ ಗದ್ದೇಲೂ ಒಂದು ತುಂಡು ನಿಂದೇ."

"ಬೇಡಕ್ಕ," ಎಂದಿತು ಚಿಟ್ಟೆ. "ಗದ್ದೆ ತಗೊಂಡ್ರೆ ನನ್ನ ಬಾಲ ನನ್ನ ಗದ್ದೆ ಕಡೇನೇ ವಾಲ್ತದೆ. ನಿನ್ನ ಪೈರಿನ ಮೇಲಿನ ಸೊಳ್ಳೆ ಸಾಕು ನಂಗೆ."

ಅದಕ್ಕೇ ನಮ್ಮೂರಲ್ಲಿ ನೀರು ಹಂಚುವ ನೀರುಗಂಟಿಗೆ ಆ ಕೆರೆಯ ಕೆಳಗೆ ಗದ್ದೆ ಇರಕೂಡದು. ಇದು ಓದಿದವರು ಬರೆದ ಕಟ್ಟಳೆಯಲ್ಲ, ಹುಳ ಕಲಿಸಿದ್ದು.

ಈಗಲೂ ಏರೋಪ್ಲೇನ್ ಚಿಟ್ಟೆ ಕೆರೆಯ ಮೇಲೆ ಬಾಲ ಅದ್ದಿ ಏಳುತ್ತದೆ, ಅದ್ದಿ ಏಳುತ್ತದೆ. ಅದು ಹಾರಿಹೋಗುವ ತನಕ ನೀರಿಗೆ ಕಲ್ಲು ಎಸೆಯಬೇಡಿ, ಮಕ್ಕಳೇ. ಕೊನೆಯ ಗದ್ದೆಗೆ ಎಷ್ಟು ಉಳಿದಿದೆ ಎಂದು ಅದು ಅಳೆಯುತ್ತಿದೆ.